ಲೋಗನ್ ರಾಯ್ ಆಚೆಗಿನ ಬ್ರಯಾನ್ ಕಾಕ್ಸ್: ಎಲ್ಲಿಂದ ಶುರು ಮಾಡಬೇಕು, ಏನು ಗಮನಿಸಬೇಕು

ಅಮೆರಿಕದ 'ಸಕ್ಸೆಷನ್' ಟೀವಿ ಸರಣಿ ನೋಡಿ ಮುಗಿಸಿದವರು, ಅದರಲ್ಲಿ ಮಾಧ್ಯಮ ಕಂಪನಿಯ ಮುದಿ ಒಡೆಯ ಲೋಗನ್ ರಾಯ್ ಆಗಿ ನಟಿಸಿದ ಬ್ರಯಾನ್ ಕಾಕ್ಸ್ ಬಗ್ಗೆ ಹೆಚ್ಚಾಗಿ ಕೇಳುವುದು ಒಂದೇ ಮಾತು. ಈ ಮುದುಕ ಇಷ್ಟು ವರ್ಷ ಎಲ್ಲಿದ್ದ?

ನಮ್ಮ ಕಣ್ಣೆದುರೇ ಇದ್ದರು. 'ಟ್ರಾಯ್' ಚಿತ್ರದಲ್ಲಿ ಹಡಗುಗಳ ದಂಡು ಕಟ್ಟಿಕೊಂಡು ಬಂದ ದುರಾಸೆಯ ರಾಜ ಅಗಮೆಮ್ನಾನ್ ಇವರೇ. 'ಎಕ್ಸ್-2'ನಲ್ಲಿ ವುಲ್ವರಿನ್‌ನ ಹಳೆಯ ಗುಟ್ಟು ಗೊತ್ತಿದ್ದ ಸ್ಟ್ರೈಕರ್ ಇವರೇ. ಜೇಸನ್ ಬೋರ್ನ್‌ನ ಮೊದಲ ಎರಡು ಚಿತ್ರಗಳಲ್ಲಿ ಸಿಐಎ ಕಚೇರಿಯಲ್ಲಿ ಕೂತು ತನ್ನ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ವಾರ್ಡ್ ಅಬಟ್ ಕೂಡ ಇವರೇ. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಪೋಷಕ ನಟರ ಹಣೆಬರಹವೇ ಅಷ್ಟು, ಅಲ್ವಾ?

ಆದರೆ ಬ್ರಯಾನ್ ಕಾಕ್ಸ್ ವಿಷಯದಲ್ಲಿ 'ಪೋಷಕ ನಟ' ಅನ್ನುವುದು ಅರ್ಧ ಸತ್ಯ ಮಾತ್ರ. ತೆರೆಯ ಮೇಲೆ ಅವರು ಹತ್ತು ನಿಮಿಷದ ಪಾತ್ರಗಳನ್ನು ಮಾಡುತ್ತಿದ್ದ ಕಾಲದಲ್ಲೇ, ರಂಗದ ಮೇಲೆ ಇಡೀ ನಾಟಕವನ್ನು ಹೆಗಲ ಮೇಲೆ ಹೊತ್ತಿದ್ದರು. ಸಿನಿಮಾದವರಿಗೆ ಅವರಿಂದ ಬೇಕಾಗಿದ್ದು ಒಂದು ಚೂರು. ಅಷ್ಟನ್ನೇ ಕತ್ತರಿಸಿಕೊಂಡರು. 72ನೇ ವಯಸ್ಸಿಗೆ ಲೋಗನ್ ರಾಯ್ ಸಿಕ್ಕಾಗ ಜಗತ್ತು 'ಅರೆ, ಎಂಥ ನಟ!' ಎಂದಿತು. ಲಂಡನ್ನಿನ ನಾಟಕ ಪ್ರೇಕ್ಷಕರಿಗೆ ಅದು ಹಳೇ ಸುದ್ದಿ.

ಅವರ ಕೆಲಸವನ್ನು ಎಲ್ಲಿಂದ ಹಿಡಿಯಬೇಕು, ಯಾವುದನ್ನು ಬಿಡಬಹುದು, ನೋಡುವಾಗ ಎಲ್ಲಿ ಕಣ್ಣಿಡಬೇಕು ಅನ್ನುವುದಕ್ಕೆ ಈ ಕೈಪಿಡಿ. ವರ್ಷದ ಲೆಕ್ಕ ಹಿಡಿದು ಮೊದಲಿಂದ ಕೊನೆಗೆ ಹೋಗಬೇಡಿ. ಆರು ದಶಕ ದಾಟಿದ ವೃತ್ತಿ, ಅರ್ಧ ದಾರಿಯಲ್ಲೇ ಸುಸ್ತಾಗುತ್ತೀರಿ. ಕೆಳಗಿನ ಕ್ರಮ ಬೇರೆ.

1. ಹುಡುಕುವ ಮುಂಚೆ ಎರಡು ಸಣ್ಣ ವಿಷಯ

ಬ್ರಯಾನ್ ಕಾಕ್ಸ್ ಎಂದು ಟೈಪ್ ಮಾಡಿದರೆ ಅರ್ಧಕ್ಕರ್ಧ ಫಲಿತಾಂಶಗಳಲ್ಲಿ ಒಬ್ಬ ಭೌತವಿಜ್ಞಾನಿ ಬರುತ್ತಾರೆ. ನಕ್ಷತ್ರ, ಗ್ರಹಗಳ ಬಗ್ಗೆ ಬಿಬಿಸಿಯಲ್ಲಿ ಕಾರ್ಯಕ್ರಮ ಮಾಡುವ ಇಂಗ್ಲೆಂಡಿನ ಪ್ರೊಫೆಸರ್ ಅವರು. ನಮ್ಮವರು ಸ್ಕಾಟ್ಲೆಂಡಿನವರು, 1946ರ ಜೂನ್ 1ರಂದು ಹುಟ್ಟಿದವರು. ಹೆಸರಿನ ಜೊತೆ 'ನಟ' ಅಥವಾ ಅವರ ಹುಟ್ಟೂರು 'ಡಂಡೀ' ಸೇರಿಸಿ ಹುಡುಕಿ.

ಎರಡನೆಯದು ಆಡಿಯೊ. ಇವರ ದೊಡ್ಡ ಚಿತ್ರಗಳು ನಮ್ಮಲ್ಲಿ ಟೀವಿಗೆ ಹಿಂದಿ ಡಬ್ಬಿಂಗ್‌ನಲ್ಲೂ ಬಂದಿವೆ. ಕಾಕ್ಸ್ ಕೆಲಸದಲ್ಲಿ ಅರ್ಧ ಭಾಗ ಧ್ವನಿ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಸುಮ್ನೆ ಒಬ್ಬ ದಪ್ಪ ಮೈಕಟ್ಟಿನ ವಿಲನ್. ಇಂಗ್ಲಿಷ್ ಆಡಿಯೊ ಹಾಕಿ, ಸಬ್‌ಟೈಟಲ್ ಇಟ್ಟುಕೊಳ್ಳಿ. ಸ್ಕಾಟಿಷ್ ಉಚ್ಚಾರಣೆ ಶುರುವಿನಲ್ಲಿ ಕಿವಿಗೆ ಒರಟು ಅನ್ನಿಸಬಹುದು. ಒಂದೆರಡು ಚಿತ್ರವಾದ ಮೇಲೆ ರೂಢಿಯಾಗುತ್ತದೆ. ಅಂದಹಾಗೆ, ಹೆಚ್ಚಿನ ಪಾತ್ರಗಳಲ್ಲಿ ಅವರು ಸ್ಕಾಟಿಷ್ ಆಗಿ ಮಾತಾಡುವುದೂ ಇಲ್ಲ. ಅಮೆರಿಕನ್ ಅಪ್ಪ, ಜರ್ಮನ್ ನಾಯಕ, ಗ್ರೀಕ್ ರಾಜ, ಎಲ್ಲವೂ ಆಗಿದ್ದಾರೆ.

2. ಒಂದು ಪುಟ, ನಡುವೆ ಒಂದು ಗೆರೆ

ನೋಟ್‌ಬುಕ್ಕಿನ ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ರಂಗ, ಬಲಗಡೆ ತೆರೆ. ನೋಡುತ್ತಾ ಹೋದಂತೆ ತುಂಬುತ್ತಾ ಹೋಗಿ. ಹೀಗೆ ಶುರು ಮಾಡಬಹುದು:

ಎಡಗಡೆ 1984, 'ರ‍್ಯಾಟ್ ಇನ್ ದ ಸ್ಕಲ್', ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್, ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯರ್ ಪ್ರಶಸ್ತಿ. ಬಲಗಡೆ 1986, 'ಮ್ಯಾನ್‌ಹಂಟರ್', ಕೆಲವೇ ನಿಮಿಷ. ಎಡಗಡೆ 1987, 'ಟೈಟಸ್ ಆಂಡ್ರೋನಿಕಸ್', ರಾಯಲ್ ಶೇಕ್ಸ್‌ಪಿಯರ್ ಕಂಪನಿ, ಮತ್ತೊಂದು ಒಲಿವಿಯರ್. ಎಡಗಡೆ 1990, 'ಕಿಂಗ್ ಲಿಯರ್', ನ್ಯಾಷನಲ್ ಥಿಯೇಟರ್. ಬಲಗಡೆ 1995, 'ಬ್ರೇವ್‌ಹಾರ್ಟ್', ಮತ್ತೆ ಕೆಲವೇ ನಿಮಿಷ.

ಈ ಪುಟ ಒಂದೇ ಸಾಕು, ವಿಷಯ ಅರ್ಥವಾಗಲು. ಲಿಯರ್ ಆಗಿ ಜಗತ್ತಿನ ಹಲವು ದೇಶಗಳನ್ನು ಸುತ್ತಿ ಬಂದ ನಟ ನಾಲ್ಕೈದು ವರ್ಷದ ಮೇಲೆ ಮೆಲ್ ಗಿಬ್ಸನ್ ಚಿತ್ರದಲ್ಲಿ ಚಿಕ್ಕಪ್ಪನಾಗಿ ಬಂದು ಹೋಗುತ್ತಾರೆ. ಅದಕ್ಕೆ ಅವರಿಗೆ ಬೇಸರವಿರಲಿಲ್ಲವಾ? ಅದರ ಹಿಂದೆ ಒಂದು ಕಿವಿಮಾತಿದೆ. ಹಿರಿಯ ಸ್ಕಾಟಿಷ್ ನಟ ಫುಲ್ಟನ್ ಮೆಕೇ ತಮಗೆ ಹುಡುಗನಾಗಿದ್ದಾಗ ಬುದ್ಧಿ ಹೇಳಿದ್ದರು ಎಂದು ಕಾಕ್ಸ್ ಅನೇಕ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಸ್ಟಾರ್ ಆಗುವ ಚಿಂತೆ ಬಿಡು, ಒಳ್ಳೆ ನಟನಾಗು ಎಂಬುದು ಅದರ ಸಾರ. ಮೆಕೇ ಕೂಡ ಪೋಷಕ ಪಾತ್ರಗಳಿಂದಲೇ ಬದುಕಿದವರು. 'ಪಾರಿಜ್' ಎಂಬ ಹಾಸ್ಯ ಸರಣಿಯ ಜೈಲು ವಾರ್ಡನ್ ಆಗಿ ಬ್ರಿಟನ್ನಿನ ಮನೆಮಾತಾದವರು.

3. ಡಂಡೀ ಊರನ್ನು ಸ್ವಲ್ಪ ತಿಳಿದುಕೊಳ್ಳಿ

ಇದನ್ನು ಹಾರಿಸಬೇಡಿ. ಇವರ ನಟನೆಯ ಸಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ನಮಗೂ ಇದಕ್ಕೂ ಒಂದು ನಂಟಿದೆ.

ಡಂಡೀ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಟೇ ನದಿಯ ದಡದಲ್ಲಿರುವ ಊರು. ಒಂದು ಕಾಲಕ್ಕೆ ಜಗತ್ತಿನ ಸೆಣಬಿನ ರಾಜಧಾನಿ. ಬಂಗಾಳದ ಹೊಲದಲ್ಲಿ ಬೆಳೆದ ಸೆಣಬು ಕಲ್ಕತ್ತಾದಿಂದ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಆ ನಾರು ಬಿರುಸು. ಅದನ್ನು ಮೆದು ಮಾಡಲು ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿದ್ದರಿಂದ ಎಣ್ಣೆಗೆ ಬರವಿರಲಿಲ್ಲ. ಆಮೇಲೆ ಹೂಗ್ಲಿ ನದಿಯ ದಡದಲ್ಲೇ ಗಿರಣಿಗಳು ಎದ್ದವು. ಅವುಗಳನ್ನು ನಡೆಸಲು ಡಂಡೀಯಿಂದಲೇ ಮೇಸ್ತ್ರಿಗಳು, ಮ್ಯಾನೇಜರ್‌ಗಳು ಹೋದರು. ಡಂಡೀ ಗಿರಣಿಗಳು ನಿಧಾನಕ್ಕೆ ಬಡವಾದವು. ನಮ್ಮ ಮಂಡಿಗಳಲ್ಲಿ ಅಡಿಕೆ, ಭತ್ತ ತುಂಬಿದ ಗೋಣಿ ಚೀಲದ ಕಥೆಗೆ ಇಲ್ಲೊಂದು ಎಳೆ ಸಿಗುತ್ತದೆ.

ಕಾಕ್ಸ್ ತಾಯಿ ಈ ಸೆಣಬಿನ ಗಿರಣಿಯಲ್ಲಿ ನೂಲುವ ಕೆಲಸ ಮಾಡಿದವರು. ತಂದೆಗೆ ಒಂದು ಸಣ್ಣ ಅಂಗಡಿ. ಐದು ಮಕ್ಕಳಲ್ಲಿ ಬ್ರಯಾನ್ ಕೊನೆಯವರು. ಅವರಿಗೆ ಎಂಟು ವರ್ಷವಿದ್ದಾಗ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾಯಿಯ ಮನಸ್ಸು ಕೆಟ್ಟು ಆಸ್ಪತ್ರೆ ಸೇರಬೇಕಾಯಿತು. ಹುಡುಗನನ್ನು ನೋಡಿಕೊಂಡವರು ಅಕ್ಕಂದಿರು. ಅಂಗಡಿಯಲ್ಲಿ ಅಪ್ಪ ಊರವರಿಗೆಲ್ಲ ಉದ್ರಿ ಕೊಟ್ಟಿದ್ದರು. ಸತ್ತಾಗ ಮನೆಯಲ್ಲಿ ದುಡ್ಡಿರಲಿಲ್ಲ.

ಅಪ್ಪ ಬದುಕಿದ್ದಾಗ, ವರ್ಷದ ಕೊನೆಯ ರಾತ್ರಿ ಮನೆಗೆ ನೆಂಟರು ಸೇರಿದಾಗ, ಪುಟ್ಟ ಬ್ರಯಾನ್‌ನನ್ನು ನಿದ್ದೆಯಿಂದ ಎಬ್ಬಿಸಿ ಕಿಟಕಿ ಹತ್ತಿರ ನಿಲ್ಲಿಸಿ ಹಾಡಿಸುತ್ತಿದ್ದರಂತೆ. ಕೋಣೆಯ ಗಾಳಿಯೇ ಬದಲಾಗುತ್ತಿತ್ತು, ಅದೇ ನನ್ನ ಮೊದಲ ರಂಗ ಎಂದು ಕಾಕ್ಸ್ ಆಮೇಲೆ ಹೇಳಿಕೊಂಡಿದ್ದಾರೆ.

ಶಾಲೆ ತಲೆಗೆ ಹತ್ತಲಿಲ್ಲ. ಹದಿಹರೆಯದಲ್ಲೇ ಡಂಡೀ ರೆಪರ್ಟರಿ ಥಿಯೇಟರ್‌ಗೆ ಸಣ್ಣಪುಟ್ಟ ಕೆಲಸಕ್ಕೆ ಸೇರಿದರು. ಆ ಹೊತ್ತಿಗೆ ಆಲ್ಬರ್ಟ್ ಫಿನ್ನಿ ಕಾರ್ಖಾನೆ ಹುಡುಗನಾಗಿ ನಟಿಸಿದ 1960ರ ಚಿತ್ರ ಬಂದಿತ್ತು. ನಮ್ಮಂಥವರ ಮುಖವೂ ತೆರೆಯ ಮೇಲೆ ಬರಬಹುದು ಎಂದು ಮೊದಲ ಸಲ ಅನ್ನಿಸಿದ್ದು ಆಗ. 1963ರಲ್ಲಿ ಲಂಡನ್ನಿನ ಲ್ಯಾಮ್ಡಾ ನಾಟಕ ಶಾಲೆ ಸೇರಿದರು. ಫೀಸು ಕೊಟ್ಟಿದ್ದು ಸರ್ಕಾರ. ಅಂಥ ಅನುದಾನ ಈಗ ಸಿಗುವುದಿಲ್ಲ, ಈಗಿನ ಕಾಲಕ್ಕೆ ಹುಟ್ಟಿದ್ದರೆ ತನ್ನಂಥ ಬಡ ಹುಡುಗ ನಟನಾಗುತ್ತಿರಲಿಲ್ಲ ಎಂಬುದು ಅವರು ಬಿಡದೆ ಹೇಳುವ ದೂರು. ಆ ಸಿಟ್ಟು ಸುಳ್ಳಲ್ಲ.

1965ರಲ್ಲಿ ಎಡಿನ್‌ಬರೋದ ರಾಯಲ್ ಲೈಸಿಯಂನಲ್ಲಿ ಹೊಸ ತಂಡ ಕಟ್ಟಿದಾಗ ಅದರ ಮೊದಲ ನಟರಲ್ಲಿ ಇವರೂ ಒಬ್ಬರು. ಅಲ್ಲಿಂದ ಬರ್ಮಿಂಗ್‌ಹ್ಯಾಮ್. ಅಲ್ಲಿಂದ 1967ರಲ್ಲಿ ಲಂಡನ್.

4. ಮೊದಲು ನೋಡಬೇಕಾದ್ದು: 1995ರ ಜೋಡಿ

ಎರಡು ಚಿತ್ರ, ಒಂದೇ ವರ್ಷ, ಎರಡೂ ಸ್ಕಾಟ್ಲೆಂಡಿನ ಕಥೆ. ಎರಡರಲ್ಲೂ ಕಾಕ್ಸ್ ಇದ್ದಾರೆ. ಒಂದು ವಾರಾಂತ್ಯಕ್ಕೆ ಸರಿಹೋಗುತ್ತದೆ.

'ಬ್ರೇವ್‌ಹಾರ್ಟ್' ಹೇಗೂ ನೋಡಿರುತ್ತೀರಿ. ಈ ಸಲ ಮೊದಲ ಭಾಗ ಮಾತ್ರ ನೋಡಿ. ಹುಡುಗ ವಾಲೇಸ್‌ನ ಅಪ್ಪ, ಅಣ್ಣ ಸತ್ತಿದ್ದಾರೆ. ಚಿಕ್ಕಪ್ಪ ಆರ್ಗೈಲ್ ಕುದುರೆ ಏರಿ ಬರುತ್ತಾನೆ. ಒಂದು ಕಣ್ಣಿನ ಮೇಲೆ ಹಳೆಯ ಗಾಯದ ಗುರುತು. ಹುಡುಗ ಆಸೆಯಿಂದ ಕತ್ತಿ ನೋಡುತ್ತಾನೆ. ಆರ್ಗೈಲ್ ಹುಡುಗನ ಹಣೆ ಮುಟ್ಟಿ, ಮೊದಲು ಇದನ್ನು ಬಳಸಲು ಕಲಿ, ಆಮೇಲೆ ಕತ್ತಿ ಕಲಿಸುತ್ತೇನೆ ಅನ್ನುತ್ತಾನೆ. ಪಾತ್ರ ಹೆಚ್ಚುಕಮ್ಮಿ ಅಷ್ಟೇ. ಮುಂದೆ ಮೂರು ಗಂಟೆ ನಡೆಯುವ ಚಿತ್ರದಲ್ಲಿ ನಾಯಕ ಲ್ಯಾಟಿನ್ ಮಾತಾಡುತ್ತಾನೆ, ಫ್ರೆಂಚ್ ಮಾತಾಡುತ್ತಾನೆ. ಅದನ್ನು ನಾವು ನಂಬುವುದು ಈ ಮನುಷ್ಯನನ್ನು ಕಂಡಿದ್ದರಿಂದ. ಪೋಷಕ ಪಾತ್ರ ಅಂದರೆ ಇದು. ಮನೆಯ ತಳಪಾಯ ಕಾಣುವುದಿಲ್ಲ, ಭಾರ ಮಾತ್ರ ಅದೇ ಹೊರುತ್ತದೆ.

ಮರುದಿನ 'ರಾಬ್ ರಾಯ್' ಹಾಕಿ. ಇಲ್ಲಿ ಅವರು ಕಿಲ್ಲರ್ನ್. ಮಾರ್ಕ್ವಿಸ್‌ನ ಜಮೀನು, ಲೆಕ್ಕಪತ್ರ ನೋಡಿಕೊಳ್ಳುವ ಪಾರುಪತ್ಯಗಾರ. ರಾಬ್ ರಾಯ್ ಸಾವಿರ ಪೌಂಡ್ ಸಾಲ ತೆಗೆಯುವ ಸುದ್ದಿಯನ್ನು ಟಿಮ್ ರಾತ್ ಮಾಡಿದ ದುಷ್ಟನ ಕಿವಿಗೆ ಹಾಕಿ ಕೊಲೆಗೆ ದಾರಿ ಮಾಡುವವನು. ಆರ್ಗೈಲ್‌ನಲ್ಲಿ ನೆಟ್ಟಗೆ ನಿಂತಿದ್ದ ಅದೇ ದೇಹ ಇಲ್ಲಿ ಬಗ್ಗಿದೆ. ದೊಡ್ಡವರ ಮುಂದೆ ಹಲ್ಲು ಕಿರಿಯುತ್ತದೆ, ಸಣ್ಣವರ ಮುಂದೆ ಉಬ್ಬುತ್ತದೆ. ತಾಲೂಕು ಕಚೇರಿಗಳಲ್ಲಿ ಇಂಥವರನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಇಲ್ಲಿ ಗಮನಿಸಬೇಕಾದ್ದು, ಯಾರು ಎದುರಿಗಿದ್ದಾರೆ ಅನ್ನುವುದರ ಮೇಲೆ ಅವರ ಧ್ವನಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನುವುದು. ಈ ಚಿತ್ರದಲ್ಲಿ ಅತ್ಯಾಚಾರದ ದೃಶ್ಯವಿದೆ. ಮಕ್ಕಳ ಜೊತೆ ನೋಡಬೇಡಿ.

5. 'ಮ್ಯಾನ್‌ಹಂಟರ್': ಬೆನ್ನು ಮತ್ತು ಧ್ವನಿ

ಮನುಷ್ಯರನ್ನು ಕೊಂದು ತಿನ್ನುವ ಡಾಕ್ಟರ್ ಹ್ಯಾನಿಬಲ್ ಲೆಕ್ಟರ್ ಅಂದರೆ ಎಲ್ಲರಿಗೂ ಆ್ಯಂಥನಿ ಹಾಪ್ಕಿನ್ಸ್. ಆದರೆ ತೆರೆಯ ಮೇಲೆ ಮೊದಲ ಲೆಕ್ಟರ್ ಕಾಕ್ಸ್. ಮೈಕಲ್ ಮ್ಯಾನ್ ನಿರ್ದೇಶಿಸಿದ 1986ರ ಚಿತ್ರ. ಈ ಪಾತ್ರದ ಆಯ್ಕೆಗೆ ಕಾಕ್ಸ್ ಅವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಮಾತಾಡಿಸಿದರು. ನಿರ್ದೇಶಕರಿಗೆ ಬೇಕಾಗಿದ್ದು ಧ್ವನಿ.

ಚಿತ್ರದಲ್ಲೂ ಅದು ಉಳಿದುಕೊಂಡಿದೆ. ಮೊದಲ ಭೇಟಿಯ ದೃಶ್ಯಕ್ಕೆ ಹೋಗಿ. ಕೋಣೆ ಪೂರ್ತಿ ಬಿಳಿ. ಗೋಡೆ ಬಿಳಿ, ಸರಳು ಬಿಳಿ, ಕೈದಿಯ ಬಟ್ಟೆ ಬಿಳಿ. ಅವನನ್ನು ಹಿಂದೆ ಹಿಡಿದು ಕೊಟ್ಟ ಅಧಿಕಾರಿ ಎದುರಿಗೆ ಬಂದು ಕೂತಿದ್ದಾನೆ. ಲೆಕ್ಟರ್ ಮಲಗಿದ್ದಾನೆ, ಬೆನ್ನು ಈ ಕಡೆಗೆ. ತಿರುಗದೆಯೇ, ನೀನು ಕೋರ್ಟಿಗೆ ಹಾಕಿಕೊಂಡು ಬರುತ್ತಿದ್ದ ಅದೇ ದರಿದ್ರ ಆಫ್ಟರ್‌ಶೇವ್ ಅಲ್ವಾ ಅನ್ನುವ ಅರ್ಥದ ಮಾತು ಆಡುತ್ತಾನೆ. ಆಮೇಲೆ ಎದ್ದು ಕೂರುತ್ತಾನೆ.

ಈ ದೃಶ್ಯವನ್ನು ಎರಡು ಸಲ ನೋಡಿ. ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ಒಬ್ಬ ಡಾಕ್ಟರು ಹಳೆಯ ಪರಿಚಯದವರ ಜೊತೆ ಹರಟುತ್ತಿದ್ದಾರೆ ಅನ್ನಿಸಬೇಕು, ಅಷ್ಟು ಮಾಮೂಲು. ಎರಡನೇ ಸಲ ಸೌಂಡ್ ಮ್ಯೂಟ್ ಮಾಡಿ. ಕಣ್ಣು ಅಲುಗುವುದೇ ಇಲ್ಲ. ಎರಡನ್ನೂ ಸೇರಿಸಿದಾಗ ಭಯ ಹುಟ್ಟುತ್ತದೆ. ಸ್ಕಾಟ್ಲೆಂಡಿನಲ್ಲಿ 1950ರ ದಶಕದಲ್ಲಿ ಸರಣಿ ಕೊಲೆ ಮಾಡಿದ ಪೀಟರ್ ಮ್ಯಾನುಯೆಲ್ ಎಂಬವನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾತ್ರ ಕಟ್ಟಿದೆ ಎಂದು ಕಾಕ್ಸ್ ಹೇಳಿದ್ದಾರೆ. ಸರಿ ತಪ್ಪು ಅನ್ನುವ ಅರಿವೇ ಇಲ್ಲದವನು.

ಮುಂದೆ ಒಂದು ಫೋನ್ ದೃಶ್ಯವಿದೆ. ಕೈದಿಗೆ ನಂಬರ್ ಒತ್ತಲು ಬರದ ಫೋನ್ ಕೊಟ್ಟಿದ್ದಾರೆ. ಅವನು ಹೇಗೋ ಆಪರೇಟರ್‌ನ ಹಿಡಿಯುತ್ತಾನೆ, ಅಲ್ಲಿಂದ ಒಂದು ಕಚೇರಿ, ಅಲ್ಲಿಂದ ಅಧಿಕಾರಿಯ ಮನೆ ವಿಳಾಸ. ಎಲ್ಲ ಸಾಧಿಸಿದ್ದು ಮೃದುವಾದ ಮಾತಿನಿಂದ. ಈಗಿನ ಓಟಿಪಿ ವಂಚಕರಿಗೆ ಪಾಠ ಹೇಳುವಂತಿದೆ!

ಹಾಪ್ಕಿನ್ಸ್ ಜೊತೆ ಹೋಲಿಸಬೇಕಾ? ಹೋಲಿಸಿ, ಆದರೆ ಗೆದ್ದವರು ಯಾರು ಎಂದು ಹುಡುಕಬೇಡಿ. ಹಾಪ್ಕಿನ್ಸ್ ಲೆಕ್ಟರ್ ನಮ್ಮನ್ನು ಹೆದರಿಸುವುದು ತನಗೆ ಗೊತ್ತು ಅನ್ನುವಂತೆ ಇರುತ್ತಾನೆ. ಕಾಕ್ಸ್ ಲೆಕ್ಟರ್‌ಗೆ ನಾವು ಇರುವುದೇ ಗೊತ್ತಿಲ್ಲ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಒಂದು ತಮಾಷೆ: ಹಾಪ್ಕಿನ್ಸ್ 1986ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಲಿಯರ್ ದೊರೆಯಾಗಿದ್ದರು. ನಾಲ್ಕು ವರ್ಷದ ನಂತರ ಅದೇ ಸಂಸ್ಥೆಯಲ್ಲಿ ಅದೇ ಕಿರೀಟ ಕಾಕ್ಸ್ ತಲೆಗೆ ಬಂತು. ಇಬ್ಬರೂ ಲೆಕ್ಟರ್, ಇಬ್ಬರೂ ಲಿಯರ್.

6. 2002 ಎಂಬ ವರ್ಷ

ಪೋಷಕ ನಟನ ದುಡಿಮೆ ಹೇಗಿರುತ್ತದೆ ಎಂದು ತಿಳಿಯಲು ಒಂದೇ ವರ್ಷ ಹಿಡಿದು ನೋಡಿ. 2002ರಲ್ಲಿ 'ದ ಬೋರ್ನ್ ಐಡೆಂಟಿಟಿ', 'ದ ರಿಂಗ್', 'ದ ರೂಕಿ', 'ಅಡಾಪ್ಟೇಷನ್', '25ತ್ ಅವರ್' ಬಂದವು. ಐದರಲ್ಲೂ ಕಾಕ್ಸ್ ಇದ್ದಾರೆ. ಪತ್ತೇದಾರಿ, ದೆವ್ವ, ಬೇಸ್‌ಬಾಲ್, ವಿಚಿತ್ರ ಹಾಸ್ಯ, ಜೈಲಿಗೆ ಹೊರಟ ಮಗನ ಕಥೆ. ಎಲ್ಲವನ್ನೂ ನೋಡಬೇಕಿಲ್ಲ. ಕೊನೆಯ ಎರಡು ಸಾಕು.

'ಅಡಾಪ್ಟೇಷನ್'ನಲ್ಲಿ ಚಿತ್ರಕಥೆ ಪಾಠ ಮಾಡುವ ರಾಬರ್ಟ್ ಮಕೀ ಪಾತ್ರ. ನಿಜವಾದ ಮನುಷ್ಯ, ನಿಜವಾದ ಹೆಸರು. ಹೆಚ್ಚೇನೂ ನಡೆಯದ ಕಥೆ ಬರೆಯಬಾರದಾ ಎಂದು ನಿಕೋಲಸ್ ಕೇಜ್ ಅಂಜುತ್ತಾ ಕೇಳುತ್ತಾರೆ. ಆಗ ವೇದಿಕೆಯಿಂದ ಬರುವ ಉತ್ತರ ಕೇಳಿ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಹುಡುಕಿ. ಶೇಕ್ಸ್‌ಪಿಯರ್ ಹೇಳಿ ಪಳಗಿದ ಎದೆ ಅದು. ಬೈಗುಳ ಕೂಡ ಏರುತ್ತಾ ಏರುತ್ತಾ ಹೋಗಿ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ.

'25ತ್ ಅವರ್' ಸ್ಪೈಕ್ ಲೀ ಚಿತ್ರ. ನ್ಯೂಯಾರ್ಕಿನ ಮಾದಕವಸ್ತು ದಂಧೆಯ ಹುಡುಗನೊಬ್ಬ ಮರುದಿನ ಏಳು ವರ್ಷಕ್ಕೆ ಜೈಲಿಗೆ ಹೋಗಬೇಕು. ಕಾಕ್ಸ್ ಅವನ ಅಪ್ಪ, ಹಿಂದೆ ಅಗ್ನಿಶಾಮಕ ದಳದಲ್ಲಿದ್ದವನು, ಈಗ ಬಾರ್ ನಡೆಸುತ್ತಾನೆ. ಮಗನನ್ನು ಜೈಲಿಗೆ ಬಿಡಲು ತಾನೇ ಕಾರು ಓಡಿಸುತ್ತಿದ್ದಾನೆ. ದಾರಿಯಲ್ಲಿ, ನೀನು ಹೂಂ ಅಂದರೆ ಎಡಕ್ಕೆ ತಿರುಗಿಸಿಬಿಡುತ್ತೇನೆ, ಪಶ್ಚಿಮಕ್ಕೆ ಹೋಗಿಬಿಡೋಣ ಅನ್ನುತ್ತಾನೆ. ಆಮೇಲೆ ಯಾವುದೋ ಮರುಭೂಮಿಯ ಊರು, ಹೊಸ ಹೆಸರು, ಕೆಲಸ, ಹೆಂಡತಿ, ಮಕ್ಕಳು, ಮುಪ್ಪು. ಒಂದು ಇಡೀ ಬದುಕನ್ನು ಮಾತಿನಲ್ಲೇ ಕಟ್ಟುತ್ತಾನೆ. ಧ್ವನಿ ಎತ್ತರಿಸುವುದೇ ಇಲ್ಲ. ರಸ್ತೆ ನೋಡಿಕೊಂಡು ಮಾತಾಡುವ ಅಪ್ಪಂದಿರ ಧಾಟಿ. ನನ್ನನ್ನು ಕೇಳಿದರೆ ತೆರೆಯ ಮೇಲೆ ಕಾಕ್ಸ್ ಮಾಡಿದ ಕೆಲಸದಲ್ಲಿ ಇದಕ್ಕೇ ಮೊದಲ ಜಾಗ, ಲೋಗನ್ ರಾಯ್‌ಗೂ ಮುಂಚೆ.

7. ನೋಡಲು ಸಿಗದ ನಾಟಕಗಳನ್ನು ಮುಟ್ಟುವುದು ಹೇಗೆ

ಇದು ಕಷ್ಟದ ಹಂತ. ನಾಟಕ ಮುಗಿದರೆ ಮುಗಿಯಿತು. ಆದರೂ ಮೂರು ದಾರಿ ಇವೆ.

ಮೊದಲನೆಯದು 'ಇನ್ ಸೆಲೆಬ್ರೇಷನ್'. ಡೇವಿಡ್ ಸ್ಟೋರಿ ಬರೆದು ಲಿಂಡ್ಸೆ ಆ್ಯಂಡರ್ಸನ್ ನಿರ್ದೇಶಿಸಿದ ನಾಟಕ, 1969ರಲ್ಲಿ ರಾಯಲ್ ಕೋರ್ಟ್‌ನಲ್ಲಿ ಆಡಿದ್ದು. ಗಣಿ ಕಾರ್ಮಿಕನ ಮೂವರು ಓದಿದ ಮಕ್ಕಳು ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ಮನೆಗೆ ಬರುತ್ತಾರೆ. ಕಾಕ್ಸ್ ಹೆಚ್ಚು ಮಾತಾಡದ ಮಗ ಸ್ಟೀವನ್. 1975ರಲ್ಲಿ ಇದೇ ನಿರ್ದೇಶಕರು ಇದೇ ನಟರ ಗುಂಪನ್ನು ಇಟ್ಟುಕೊಂಡು ಸಿನಿಮಾ ಮಾಡಿದರು. 20ರ ಹರೆಯದ ಕಾಕ್ಸ್ ರಂಗದ ಮೇಲೆ ಹೇಗಿದ್ದರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಡಿವಿಡಿ ಹುಡುಕಬೇಕಾಗಬಹುದು.

ಎರಡನೆಯದು, ನಾಟಕವನ್ನು ಓದಿಕೊಂಡು ಫೋಟೊ, ವಿಮರ್ಶೆ ಜೊತೆಗಿಟ್ಟುಕೊಳ್ಳುವುದು. 'ಟೈಟಸ್ ಆಂಡ್ರೋನಿಕಸ್' ಶೇಕ್ಸ್‌ಪಿಯರ್‌ನ ಅತಿ ರಕ್ತಸಿಕ್ತ ನಾಟಕ. ಸೇಡು ತೀರಿಸಲು ವೈರಿಯ ಮಕ್ಕಳನ್ನು ಕೊಂದು, ಅಡುಗೆಯವನ ವೇಷದಲ್ಲಿ ಬಂದು, ಅವರ ತಾಯಿಗೇ ಬಡಿಸುವ ಅಪ್ಪ. ಸುಮಾರು ನಿರ್ದೇಶಕರು ಈ ನಾಟಕವನ್ನು ಕತ್ತರಿಸಿ, ಮುಜುಗರದ ಸಾಲು ತೆಗೆದು ಆಡುತ್ತಿದ್ದರು. 1987ರಲ್ಲಿ ಡೆಬೊರಾ ವಾರ್ನರ್ ಒಂದು ಸಾಲನ್ನೂ ಬಿಡದೆ ಆಡಿಸಿದರು. ಸ್ಟ್ರಾಟ್‌ಫರ್ಡ್‌ನ ಸ್ವಾನ್ ಥಿಯೇಟರ್ ಚಿಕ್ಕದು, ಪ್ರೇಕ್ಷಕರು ಮೂರು ಕಡೆ ಸುತ್ತುವರಿದು ಕೂರುವಂಥದ್ದು. ನಗು ಬರುವ ಜಾಗದಲ್ಲಿ ಕಾಕ್ಸ್ ನಗಲು ಬಿಟ್ಟರು, ಆಮೇಲೆ ಆ ನಗು ಗಂಟಲಲ್ಲೇ ಸಿಕ್ಕಿಕೊಳ್ಳುವಂತೆ ಮಾಡಿದರು.

1990ರ 'ಲಿಯರ್' ಕೂಡ ವಾರ್ನರ್ ಅವರದ್ದೇ. ಮುದಿ ದೊರೆ ಗಾಲಿಕುರ್ಚಿಯಲ್ಲಿ, ತಲೆಗೆ ಪಾರ್ಟಿಯ ಕಾಗದದ ಕಿರೀಟ ಹಾಕಿಕೊಂಡು ಬರುತ್ತಾನೆ. ಹೆಣ್ಣುಮಕ್ಕಳಿಗೆ ರಾಜ್ಯ ಹಂಚುವುದು ಅವನಿಗೆ ಹುಟ್ಟುಹಬ್ಬದ ಆಟ. ಇಯನ್ ಮೆಕೆಲನ್ ಕೆಂಟ್ ಪಾತ್ರ ಮಾಡಿದ್ದರು. ಅದರ ಜೊತೆಗೇ ಆಡುತ್ತಿದ್ದ 'ರಿಚರ್ಡ್ 3' ನಾಟಕದಲ್ಲಿ ಮೆಕೆಲನ್ ರಾಜ, ಕಾಕ್ಸ್ ಅವನ ಬಲಗೈ ಬಕಿಂಗ್‌ಹ್ಯಾಮ್. ಒಂದು ರಾತ್ರಿ ನೀನು ದೊರೆ, ಮರುರಾತ್ರಿ ನಾನು. ಈ ತಿರುಗಾಟದ ದಿನಚರಿಯನ್ನು ಕಾಕ್ಸ್ 'ದ ಲಿಯರ್ ಡೈರೀಸ್' ಎಂದು ಪುಸ್ತಕ ಮಾಡಿದ್ದಾರೆ. ಲಿಯರ್‌ಗೂ ಮಕ್ಕಳಿಗೆ ಆಸ್ತಿ ಹಂಚುವ ಲೋಗನ್ ರಾಯ್‌ಗೂ ಇರುವ ನಂಟು ಇಲ್ಲಿ ನಿಮಗೇ ಹೊಳೆಯುತ್ತದೆ.

ಮೂರನೆಯದು ಸುಲಭ. ಯೂಟ್ಯೂಬ್‌ನಲ್ಲಿ ಕಾಕ್ಸ್ ಎರಡೂವರೆ ವರ್ಷದ ಮಗುವೊಂದಕ್ಕೆ ಹ್ಯಾಮ್ಲೆಟ್‌ನ 'ಟು ಬಿ ಆರ್ ನಾಟ್ ಟು ಬಿ' ಹೇಳಿಕೊಡುವ ತುಣುಕಿದೆ. ಮಗು ಒಂದೊಂದೇ ಮಾತನ್ನು ಗಿಣಿಯಂತೆ ಒಪ್ಪಿಸುತ್ತದೆ. ಕಾಕ್ಸ್ ಸಹನಟನ ಜೊತೆ ಹೇಗೋ ಹಾಗೆ ನಡೆದುಕೊಳ್ಳುತ್ತಾರೆ. ಪಾಠ ಮಾಡುವುದು ಅವರಿಗೆ ಹೊಸದಲ್ಲ. 80ರ ದಶಕದ ಕೊನೆಯಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಶಾಲೆಯ ವಿದ್ಯಾರ್ಥಿಗಳಿಗೆ ಕಲಿಸಿ ಬಂದಿದ್ದರು.

8. ಬಿಡಬಹುದಾದ್ದು, ಬಿಡಬಾರದ್ದು

'ಟ್ರಾಯ್' ಟೀವಿಯಲ್ಲಿ ಬಂದಾಗ ನೋಡಿ, ಹುಡುಕಿಕೊಂಡು ಹೋಗಬೇಡಿ. 'ಎಕ್ಸ್-2' ಪರವಾಗಿಲ್ಲ. 'ಎಲ್.ಐ.ಇ.' ಎಂಬ 2001ರ ಚಿತ್ರದಲ್ಲಿ ಹುಡುಗರನ್ನು ಕೆಡಿಸುವವನ ಪಾತ್ರವನ್ನು ರಾಕ್ಷಸನಂತೆ ಮಾಡದೆ ಪಕ್ಕದ ಮನೆಯವನಂತೆ ಮಾಡಿದ್ದಾರೆ. ತುಂಬಾ ದೊಡ್ಡ ಕೆಲಸ, ಆದರೆ ಗಟ್ಟಿ ಮನಸ್ಸು ಬೇಕು. 'ನ್ಯೂರೆಂಬರ್ಗ್' ಕಿರುಸರಣಿಯಲ್ಲಿ ಮಾಡಿದ ಹರ್ಮನ್ ಗೋರಿಂಗ್ ಪಾತ್ರಕ್ಕೆ 2001ರಲ್ಲಿ ಅಮೆರಿಕದ ಟೀವಿ ಪ್ರಶಸ್ತಿ ಎಮ್ಮಿ ಬಂತು. ಅದನ್ನು ನೋಡಲೇಬೇಕು. ಆ ನಾಜಿ ನಾಯಕ ಎಷ್ಟು ಸೊಗಸಾಗಿ ಮಾತಾಡುತ್ತಾನೆ ಅಂದರೆ ಸ್ವಲ್ಪ ಹೊತ್ತು ನಮಗೂ ಅವನು ಹಿಡಿಸಿಬಿಡುತ್ತಾನೆ. ಅದೇ ಅಲ್ಲಿನ ಗಾಳ. 'ಡೆಡ್‌ವುಡ್' ಸರಣಿಯ ಮೂರನೇ ಸೀಸನ್‌ನಲ್ಲಿ ಅವರು ನಾಟಕ ಕಂಪನಿ ಕಟ್ಟಿಕೊಂಡು ಊರಿಗೆ ಬರುವ ಮಾಲೀಕ. ರಂಗದವರಿಗೆ ಇಷ್ಟವಾಗುತ್ತದೆ.

9. ಈಗ 'ಸಕ್ಸೆಷನ್' ಮತ್ತೆ ಹಾಕಿ

ಎಲ್ಲಿ ಸಿಗುತ್ತದೆ ಎಂದು ಮೊದಲು ನೋಡಿಕೊಳ್ಳಿ. ಎಚ್‌ಬಿಒ ಸರಣಿಗಳು ಭಾರತದಲ್ಲಿ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಓಡಾಡಿವೆ. ನಾಲ್ಕು ಸೀಸನ್, 39 ಕಂತು. ಮೊದಲ ಕಂತು ಬಂದದ್ದು 2018ರ ಜೂನ್ 3ರಂದು, ಕಾಕ್ಸ್‌ಗೆ 72 ತುಂಬಿದ ಎರಡು ದಿನಕ್ಕೆ. ಮೊದಲಿನ ಯೋಜನೆಯಲ್ಲಿ ಲೋಗನ್ ಮೊದಲ ಸೀಸನ್‌ನಲ್ಲೇ ಸಾಯಬೇಕಿತ್ತು. ಆಮೇಲೆ ಮನಸ್ಸು ಬದಲಾಯಿಸಿದರು. ಇನ್ನೂ ನೋಡದವರು ಈ ಹಂತವನ್ನು ಹಾರಿಸಿ, ಮುಂದೆ ಕಥೆಯ ಗುಟ್ಟು ಬರುತ್ತದೆ.

ಮೊದಲ ಕಂತಿನ ಶುರುವನ್ನೇ ನೋಡಿ. ಕತ್ತಲೆ. ಮುದುಕನಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗುತ್ತಿಲ್ಲ. ಬಚ್ಚಲು ಎಂದುಕೊಂಡು ಕೋಣೆಯ ಕಾರ್ಪೆಟ್ ಮೇಲೆಯೇ ಒಂದಕ್ಕೆ ಮಾಡುತ್ತಾನೆ. ಜಗತ್ತೇ ಹೆದರುವ ಮನುಷ್ಯನ ಪರಿಚಯ ಹೀಗೆ. ಲಿಯರ್‌ನ ಕಾಗದದ ಕಿರೀಟ ನೆನಪಿಟ್ಟುಕೊಂಡಿದ್ದರೆ ಇದು ಬೇರೆ ಥರ ಕಾಣುತ್ತದೆ.

ಎರಡನೇ ಸೀಸನ್‌ನ ಬೇಟೆಯ ಕಂತಿನಲ್ಲಿ, ಊಟದ ಮನೆಯಲ್ಲಿ ತನ್ನದೇ ಕಂಪನಿಯ ದೊಡ್ಡವರನ್ನು ನೆಲದ ಮೇಲೆ ಹಂದಿಗಳಂತೆ ಕೂರಿಸುತ್ತಾನೆ. ಎಲ್ಲರೂ ಕಿರುಚಾಟವನ್ನು ನೆನಪಿಟ್ಟುಕೊಳ್ಳುತ್ತಾರೆ. ನೀವು ಕಿರುಚುವ ಮುಂಚಿನ ಸುಮ್ಮನಿರುವಿಕೆ ನೋಡಿ. ಕಾಕ್ಸ್ ಅಲ್ಲಿ ಏನೂ ಮಾಡುವುದಿಲ್ಲ. ಕೋಣೆಯಲ್ಲಿರುವ ಬಾಕಿಯವರು ನಡುಗುತ್ತಾರೆ.

ಅದೇ ಸೀಸನ್‌ನ ಕೊನೆಯ ಶಾಟ್. ಟೀವಿಯಲ್ಲಿ ಮಗ ಅಪ್ಪನ ವಿರುದ್ಧ ತಿರುಗಿಬಿದ್ದಿದ್ದಾನೆ. ಲೋಗನ್ ನೋಡುತ್ತಿದ್ದಾನೆ. ತುಟಿಯ ಒಂದು ತುದಿ ಕೊಂಚ ಮೇಲೆದ್ದಂತೆ ಕಾಣುತ್ತದೆ. ಹೆಮ್ಮೆಯಾ? ಸಿಟ್ಟಾ? ಹೊಸ ಆಟ ಸಿಕ್ಕಿತು ಎಂಬ ಖುಷಿಯಾ? ಈ ಶಾಟನ್ನು ರಂಗದ ಮೇಲೆ ಮಾಡಲಾಗದು, ಹಿಂದಿನ ಸಾಲಿಗೆ ಕಾಣುವುದಿಲ್ಲ. ಆದರೆ ರಂಗದಲ್ಲಿ ದೊಡ್ಡದನ್ನು ಮಾಡಿ ದಣಿದವರಿಗೇ ಇಷ್ಟು ಸಣ್ಣದಕ್ಕೆ ಧೈರ್ಯ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ವಿವರ. ಲೋಗನ್‌ನನ್ನು ಸ್ಕಾಟಿಷ್ ಮಾಡಬಹುದಾ ಎಂದು ಕಾಕ್ಸ್ ಶುರುವಿನಲ್ಲೇ ಕೇಳಿದ್ದರಂತೆ. ಇಲ್ಲ, ಅವನು ಕೆನಡಾದ ಕ್ವಿಬೆಕ್‌ನವನು ಎಂದು ಉತ್ತರ ಬಂತು. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಚಿತ್ರಕಥೆ ಬದಲಾಗಿ ಲೋಗನ್ ಡಂಡೀಯಲ್ಲಿ ಹುಟ್ಟಿದವನಾದ. ಅದು ಕಾಕ್ಸ್‌ಗೆ ಗೊತ್ತಾದದ್ದು ಸಹನಟರೊಬ್ಬರ ಬಾಯಿಂದ. ಎರಡನೇ ಸೀಸನ್‌ನಲ್ಲಿ ತಂಡ ಡಂಡೀಗೇ ಹೋಗಿ ಶೂಟಿಂಗ್ ಮಾಡಿತು. ತಾನು ಹುಟ್ಟಿದ ಮನೆಯ ಮುಂದೆ ಲೋಗನ್ ಕಾರಿನಿಂದ ಇಳಿಯದೆ ಹೋಗುವುದನ್ನು ಗಮನಿಸಿ. ಈ ಪಾತ್ರಕ್ಕೆ 2020ರಲ್ಲಿ ಗೋಲ್ಡನ್ ಗ್ಲೋಬ್ ಸಿಕ್ಕಿತು. ಎಮ್ಮಿ ಮಾತ್ರ ಸಿಗಲೇ ಇಲ್ಲ. ಒಂದು ಸಲವಾದರೂ ಕೊಡಬೇಕಿತ್ತು.

10. ಇನ್ನೂ ರಂಗದ ಮೇಲೆ ಇದ್ದಾರೆ

ಲೋಗನ್ ಮುಗಿದ ಮೇಲೆ ಕಾಕ್ಸ್ ಆರಾಮಾಗಿ ಕೂರಬಹುದಿತ್ತು. 2024ರಲ್ಲಿ ಲಂಡನ್ನಿನ ವಿಂಡಮ್ಸ್ ಥಿಯೇಟರ್‌ನಲ್ಲಿ ಯೂಜೀನ್ ಓನೀಲ್‌ನ 'ಲಾಂಗ್ ಡೇಸ್ ಜರ್ನಿ ಇಂಟು ನೈಟ್' ನಾಟಕದ ಜೇಮ್ಸ್ ಟೈರೋನ್ ಆದರು. ಟೈರೋನ್ ಒಬ್ಬ ನಟ. ಕಿತ್ತು ತಿನ್ನುವ ಬಡತನದಿಂದ ಬಂದವನು. ದೊಡ್ಡ ಶೇಕ್ಸ್‌ಪಿಯರ್ ನಟನಾಗಬೇಕಿದ್ದವನು ದುಡ್ಡು ತರುವ ಒಂದೇ ಪಾತ್ರಕ್ಕೆ ಅಂಟಿಕೊಂಡು ಹಾಳಾದವನು. ಬೀದಿಯಲ್ಲಿ ಸಿಕ್ಕವರೆಲ್ಲ ಲೋಗನ್‌ನ ಬೈಗುಳವನ್ನು ನಮಗೊಮ್ಮೆ ಬೈದು ಹೋಗಿ ಎಂದು ಕೇಳುತ್ತಿದ್ದ ಕಾಲದಲ್ಲಿ ಈ ಪಾತ್ರ ಒಪ್ಪಿಕೊಂಡದ್ದು ಸುಮ್ಮನೆ ಇರಲಾರದು. 2025ರಲ್ಲಿ ಜೇಮ್ಸ್ ಗ್ರಹಾಮ್‌ ಬರೆದ 'ಮೇಕ್ ಇಟ್ ಹ್ಯಾಪನ್' ನಾಟಕಕ್ಕೆ ಹದಿಹರೆಯದಲ್ಲಿ ಸೇರಿದ್ದ ಡಂಡೀ ರೆಪರ್ಟರಿಗೇ (ಡಂಡೀ ರೆಪ್) ಮರಳಿದರು. ಸ್ಕಾಟ್ಲೆಂಡಿನ ದೊಡ್ಡ ಬ್ಯಾಂಕೊಂದು 2008ರಲ್ಲಿ ಮುಳುಗಿದ ಕಥೆ ಅದು. ಕಾಕ್ಸ್ ಅದರಲ್ಲಿ ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್‌ನ ದೆವ್ವ. ಅದೇ ವರ್ಷ 'ಗ್ಲೆನ್‌ರೋಥನ್' ಎಂಬ ಸ್ಕಾಟಿಷ್ ಚಿತ್ರವನ್ನೂ ನಿರ್ದೇಶಿಸಿ ತಂದರು.

ಬ್ರಿಟನ್ನಿನಲ್ಲಿ ಇರುವ ಕನ್ನಡಿಗರಿಗೆ ಒಂದು ಸಲಹೆ. ಅವರ ಹೊಸ ನಾಟಕ ಘೋಷಣೆಯಾದ ತಕ್ಷಣ ಥಿಯೇಟರ್‌ನ ಸ್ವಂತ ವೆಬ್‌ಸೈಟ್‌ನಲ್ಲೇ ಟಿಕೆಟ್ ನೋಡಿ, ಮಧ್ಯವರ್ತಿಗಳ ಹತ್ತಿರ ಜಾಸ್ತಿ ಆಗುತ್ತದೆ. ಮಧ್ಯಾಹ್ನದ ಪ್ರದರ್ಶನ, ಮೇಲಿನ ಬಾಲ್ಕನಿ ಅಗ್ಗ. ಧ್ವನಿ ಅಲ್ಲಿಗೂ ಮುಟ್ಟುತ್ತದೆ, ಚಿಂತೆ ಬೇಡ. ಎಡಿನ್‌ಬರೋದಿಂದ ಡಂಡೀಗೆ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಊರು ಮುಟ್ಟುವ ಮುಂಚೆ ರೈಲು ಟೇ ನದಿಯ ಉದ್ದನೆಯ ಸೇತುವೆ ದಾಟುತ್ತದೆ. ನಿಲ್ದಾಣದಿಂದ ಟೇ ಸ್ಕ್ವೇರ್‌ನಲ್ಲಿರುವ ಡಂಡೀ ರೆಪ್‌ಗೆ ನಡೆದೇ ಹೋಗಬಹುದು. ಕಾಕ್ಸ್ ಕೆಲಸಕ್ಕೆ ಸೇರಿದ ಹಳೆಯ ಕಟ್ಟಡ 1963ರಲ್ಲಿ ಸುಟ್ಟುಹೋಯಿತು, ಇದು 1982ರಲ್ಲಿ ತೆರೆದದ್ದು. ಅಲ್ಲಿಂದ ಸ್ವಲ್ಪ ದೂರದಲ್ಲಿ ವರ್ಡಂಟ್ ವರ್ಕ್ಸ್ ಎಂಬ ಹಳೆಯ ಸೆಣಬಿನ ಗಿರಣಿ ಈಗ ಮ್ಯೂಸಿಯಂ ಆಗಿದೆ. ನಾಟಕ ಸಂಜೆಗಿದ್ದರೆ ಮಧ್ಯಾಹ್ನ ಅಲ್ಲಿ ಕಳೆಯಿರಿ.